ಬೊಟ್ಟಿನ ಕಡೆಯ ಕಣ್ಣು

ಗಲ್ಫಿನ ಕರಾಮದ ಆ ಮೂರು ಮಾಳಿಗೆಯ ಕಟ್ಟಡದಲ್ಲಿ ಇಂದ್ರಾಣಿ ಎಂದರೆ ಡೈರಿಯವಳು ಎಂದೇ ಲೆಕ್ಕ. ಗಂಡ ಸರ್ವೋತ್ತಮ ಜಬಲ್ ಅಲಿಯಲ್ಲಿ ಸ್ಟೋರ್‌ಕೀಪರ್. ಅವನ ಕಂಪೆನಿಯವರು ಪ್ರತಿ ಜನವರಿಯಲ್ಲಿ ಕೊಡುವ, ಶನಿವಾರದಿಂದ ವಾರ ಶುರುವಾಗುವ ದಪ್ಪ ಡೈರಿ ಅವಳ ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇರುತ್ತಿತ್ತು. ಗ್ಯಾಸ್ ಸಿಲಿಂಡರ್ ಬಂದ ದಿನ, ಸಣ್ಣವನು ಸುಜಿತನಿಗೆ ಮೊದಲ ಹಲ್ಲು ಕಂಡ ದಿನ, ಊರಿಗೆ ಫೋನ್ ಮಾಡಿದಾಗ ಅಮ್ಮ ಎಷ್ಟು ಸಲ ಕೆಮ್ಮಿದರು ಎಂಬುದು, ಎಲ್ಲವೂ ಅದರಲ್ಲಿ. ಮದುವೆಗೆ ಮುಂಚೆ ಕಿನ್ನಿಗೋಳಿಯ ಬಾಲವಾಡಿಯಲ್ಲಿ ಎರಡು ವರ್ಷ ಟೀಚರಾಗಿದ್ದವಳು, ಹಾಜರಿ ಹಾಕುವ ಅಭ್ಯಾಸ ಕೈಬಿಟ್ಟಿರಲಿಲ್ಲ. ಕಟ್ಟಡದ ಯಾರಿಗಾದರೂ ತಮ್ಮ ಮಗುವಿನ ಲಸಿಕೆಯ ದಿನ ಮರೆತರೆ ಬಾಗಿಲು ತಟ್ಟುತ್ತಿದ್ದುದು ಇಂದ್ರಾಣಿಯದೇ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಆರು ತುಂಬಿದ ಮಗಳು ಯಶ್ಮಿತಾಳ ಶಾಲೆಯಿಂದ ಚೀಟಿ ಬಂತು. ಹುಡುಗಿ ಬೋರ್ಡು ನೋಡುವಾಗ ತಲೆ ಓರೆ ಮಾಡುತ್ತಾಳೆ, ಕಣ್ಣು ತೋರಿಸಿ ಎಂದು. ಒಂಬತ್ತನೇ ತಾರೀಕು ಬೆಳಗ್ಗೆ ಹೊರಡುವ ಹೊತ್ತಿಗೆ ಸುಜಿತ ಹಾಲು ಕಕ್ಕಿದ. ಇಂದ್ರಾಣಿ ಸೀರೆ ಬದಲಿಸಲು ಓಡಿದಳು. ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿದ್ದ ಚಂದ್ರಮತಿಯಕ್ಕ ಯಶ್ಮಿತಾಳಿಗೆ ಜಡೆ ಹೆಣೆದು, ಪೌಡರು ಹಚ್ಚಿ, ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟು ಕಳಿಸಿದರು.

ಆಸ್ಪತ್ರೆಯಲ್ಲಿ ಹೆಂಗಸರಿಗೆ ಬೇರೆ ಕೋಣೆ; ಯಶ್ಮಿತಾ ಅಪ್ಪನ ಜೊತೆ ಉಳಿದಳು. ಎರಡೂವರೆ ಗಂಟೆ ಕಾದ ಮೇಲೆ ಹೆಸರು ಕರೆದಾಗ ಸುಜಿತ ಮೊಲೆಗೆ ಬಾಯಿಟ್ಟಿದ್ದ. ಸರ್ವೋತ್ತಮನೇ ಮಗಳ ಕೈಹಿಡಿದು ಒಳಗೆ ಹೋದ. ಹೋದಷ್ಟೇ ಬೇಗ ಬಂದ. ಕಂಪೆನಿಯ ಪಿಕಪ್ ಕಾಯುತ್ತಿದೆ ಎಂದು ಇವರನ್ನು ಟ್ಯಾಕ್ಸಿಗೆ ಹತ್ತಿಸಿ, ಎಲ್ಲಾ ಸಂಜೆ ಹೇಳುತ್ತೇನೆ ಎಂದು ಓಡಿದ. ಔಷಧಿಯ ಹನಿ ಬಿದ್ದ ಕಣ್ಣನ್ನು ಉಜ್ಜಿ ಉಜ್ಜಿ ಮಗುವಿನ ಮುಖವೆಲ್ಲ ಕಾಡಿಗೆಯಾಗಿತ್ತು. ಮನೆಗೆ ಬಂದವಳೇ ಇಂದ್ರಾಣಿ ಮುಖ ತೊಳೆಸಿ ಮಲಗಿಸಿದಳು.

ಸಂಜೆ ಊಟಕ್ಕೆ ಕೂತಾಗ ಸರ್ವೋತ್ತಮ ವಿಷಯ ತೆಗೆದ. ಎಡಗಣ್ಣು ಬಹಳ ವೀಕ್, ಕನ್ನಡಕ ಬೇಕು, ಅದರ ಜೊತೆಗೆ ಒಂದು ಕಣ್ಣಿಗೆ ಪಟ್ಟಿ ಹಚ್ಚಬೇಕು, ದಿನಕ್ಕೆ ನಾಲ್ಕು ಗಂಟೆ, ಮೂರು ತಿಂಗಳ ಮೇಲೆ ಬರಬೇಕು.

"ಯಾವ ಕಣ್ಣಿಗೆ?" ಎಂದಳು ಇಂದ್ರಾಣಿ.

"ನಾನೂ ಅದನ್ನೇ ಕೇಳಿದೆ ಮಾರಾಯ್ತಿ. ಡಾಕ್ಟರು ಆಗಲೇ ಮುಂದಿನವರ ಫೈಲು ಬಿಡಿಸಿಯಾಗಿತ್ತು. ಪೆನ್ನಿನಲ್ಲಿ ಇವಳ ಕೆನ್ನೆ ತೋರಿಸಿ, ಕಪ್ಪು ಬೊಟ್ಟಿನ ಕಡೆಯದ್ದು ಅಂದರು. ಗುರುತಿಗೆ ಒಳ್ಳೆಯದಾಯ್ತು ನೋಡು."

ಬೊಟ್ಟು ಎಂದರೆ ಎಡ. ಹುಟ್ಟಿದ ಹನ್ನೊಂದನೇ ದಿನದಿಂದ ಇಂದ್ರಾಣಿ ಮಗಳಿಗೆ ಎಡಗೆನ್ನೆಗಲ್ಲದೆ ಇಟ್ಟವಳಲ್ಲ. ಅದೂ ಅಲ್ಲದೆ ವೀಕ್ ಇರುವುದು ಎಡಗಣ್ಣೇ. ಗಾಯವಿದ್ದ ಕಡೆಗೆ ತಾನೇ ಪಟ್ಟಿ. ಡಾಕ್ಟರ ಚೀಟಿಯನ್ನೂ ದೀಪಕ್ಕೆ ಹಿಡಿದು ನೋಡಿದಳು. ನಾಲ್ಕು ಎಂಬ ಅಂಕಿ ಬಿಟ್ಟರೆ ಉಳಿದದ್ದು ಇರುವೆ ನಡೆದ ದಾರಿ. ಮರುದಿನ ಡೈರಿಯಲ್ಲಿ ಗೆರೆ ಎಳೆದು ಬರೆದಳು: ಎಡಗಣ್ಣು, ಮಧ್ಯಾಹ್ನ ಎರಡರಿಂದ ಆರು.

ಯಶ್ಮಿತಾ ಒಂದು ದಿನವೂ ಹಟ ಮಾಡಲಿಲ್ಲ. ಪಟ್ಟಿ ಹಚ್ಚಿಕೊಂಡೇ ಚಿತ್ರ ಬರೆದಳು, ಹೋಂವರ್ಕ್ ಮಾಡಿದಳು, ಕೆಳಗೆ ಪಾರ್ಕಿಂಗಿನಲ್ಲಿ ಸೈಕಲ್ ಬಿಟ್ಟಳು. ಎಂಥ ಪಾಪದ ಮಗು, ಒಂದು ರಗಳೆ ಇಲ್ಲ ಎಂದು ಕಟ್ಟಡಕ್ಕೆ ಕಟ್ಟಡವೇ ಕೊಂಡಾಡಿತು. ಇಂದ್ರಾಣಿಗೂ ಹೆಮ್ಮೆ. ಆದರೂ ತಿಂಗಳಾದ ಮೇಲೆ ಒಂದು ಸಣ್ಣ ಸಂಶಯ ಹೊಕ್ಕಿತು. ಮುಚ್ಚಿಟ್ಟ ಕಣ್ಣು ಅದು ಹೇಗೆ ಬಲವಾಗುತ್ತದೆ? ಕೇಳಬೇಕೆಂದು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರು ಪೇಷೆಂಟ್ ನೋಡುತ್ತಿದ್ದಾರೆ, ಆಮೇಲೆ ಮಾಡಿ ಎಂದರು. ಆಮೇಲೆ ಮಾಡಿದಾಗ ಡಾಕ್ಟರು ಹೋಗಿಯಾಗಿತ್ತು. ಹತ್ತು ದಿನ ಬಿಟ್ಟು ಇನ್ನೊಮ್ಮೆ ಮಾಡಿದರೆ, ಮೂರು ತಿಂಗಳಿಗೆ ಡೇಟ್ ಉಂಟಲ್ಲ, ಈಗ ಎಂತಕ್ಕೆ ಎಂದು ಇಟ್ಟರು. ಎರಡೂ ದಿನದ ತಾರೀಕು ಡೈರಿಗೆ ಹೋಯಿತು.

ಏಪ್ರಿಲ್‌ನಲ್ಲಿ ಸುಜಿತನನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತಿ ತಾನೇ ಹೋದಳು. ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡುವಂತಿಲ್ಲ. ಬರಿಯ ಒಂದು ಪ್ರಶ್ನೆ ಎಂದರೆ, ಒಂದು ಪ್ರಶ್ನೆಗೂ ಅಪಾಯಿಂಟ್‌ಮೆಂಟ್ ಬೇಕಂತೆ. ಹೊರಗಿನ ಬೆಂಚಿನಲ್ಲಿ ಸತ್ವಾದಲ್ಲಿ ಗ್ರೋಸರಿ ಇಟ್ಟಿದ್ದ ಭಟ್ಕಳದ ಇಸ್ಮಾಯಿಲ್ ಸಾಹೇಬರು ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು. ಅವರದು ನಾಲ್ಕನೇ ಸಲ. ಪ್ರೆಶರ್ ಜಾಸ್ತಿ ಎನ್ನುತ್ತಾರೆ, ಹನಿ ಹಾಕುತ್ತಾರೆ, ಕಳಿಸುತ್ತಾರೆ.

"ಎರಡು ತಿಂಗಳಿಂದ ಉಪ್ಪು ಬಿಟ್ಟಿದ್ದೇನೆ ತಂಗಿ," ಎಂದರು ಅವರು. "ಮೊನ್ನೆ ನರ್ಸಮ್ಮ ಹೇಳಿದ್ರು, ಅದು ಕಣ್ಣಿನ ಒಳಗಿನ ಪ್ರೆಶರ್ ಅಂತೆ, ಉಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲವಂತೆ. ಸಪ್ಪೆ ಮೀನು ತಿಂದದ್ದೇ ಬಂತು."

ಇಂದ್ರಾಣಿಗೆ ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ತನ್ನ ಸಂಶಯವೇ ಮತ್ತೆ ಎದ್ದಿತು; ಮನೆಗೆ ಬಂದವಳೇ ಆ ದಿನದ ತಾರೀಕನ್ನೂ ಡೈರಿಗೆ ಹಾಕಿದಳು.

ಮೇ ಇಪ್ಪತ್ತೈದರಂದು ಮತ್ತೆ ಹೋದರು. ಸುಜಿತನನ್ನು ಚಂದ್ರಮತಿಯಕ್ಕನ ಬಳಿ ಬಿಟ್ಟು ಈ ಸಲ ಇಂದ್ರಾಣಿ ಒಳಗೆ ಹೋಗಿಯೇ ಹೋದಳು. ಡಾಕ್ಟರು ಕೈಚಳಕದವರೇ. ಪಟಪಟನೆ ಲೆನ್ಸು ಬದಲಿಸಿ, ಲೈಟು ಬಿಟ್ಟು, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಓದಲು ಹೇಳಿದರು. ಯಶ್ಮಿತಾ ಮೇಲಿನ ದೊಡ್ಡ ಅಕ್ಷರ ಒಂದನ್ನು ಹೇಳಿ ನಿಂತಳು. ಫೆಬ್ರವರಿಯಲ್ಲಿ ಎಷ್ಟೋ ಅಷ್ಟೇ.

ಡಾಕ್ಟರು ಕುರ್ಚಿಯನ್ನು ಸರ್ವೋತ್ತಮನ ಕಡೆ ತಿರುಗಿಸಿದರು. ನೀವು ಯಾರೂ ಪಟ್ಟಿ ಹಚ್ಚುವುದಿಲ್ಲ, ಮಗು ಅತ್ತರೆ ಬಿಟ್ಟುಬಿಡುತ್ತೀರಿ, ಆಮೇಲೆ ಇಲ್ಲಿ ಬಂದು ಅಳುತ್ತೀರಿ ಎಂದರು ಇಂಗ್ಲಿಷಿನಲ್ಲಿ. ಸರ್ವೋತ್ತಮ ಅಪರಾಧಿಯ ಹಾಗೆ ತಲೆ ತಗ್ಗಿಸಿದ.

ಇಂದ್ರಾಣಿ ಬ್ಯಾಗಿನಿಂದ ಡೈರಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ನೂರ ಎರಡು ದಿನ. ಜ್ವರ ಬಂದ ಎರಡು ದಿನ ಬಿಟ್ಟು ಒಂದೂ ತಪ್ಪಿಲ್ಲ. ಬಾಗಿಲಲ್ಲಿ ನಿಂತಿದ್ದ ನರ್ಸ್ ಆಮಿನ ಉಪ್ಪಿನಂಗಡಿ ಕಡೆಯವಳು. ಕನ್ನಡದ ಸಾಲುಗಳನ್ನು ಬಗ್ಗಿ ಓದಿದವಳ ಮುಖ ಸಣ್ಣಗಾಯಿತು.

"ಎಡಗಣ್ಣಾ ಅಕ್ಕಾ? ಎಡಗಣ್ಣಿಗೆ ಹಚ್ಚಿದ್ದಾ?"

ಅವಳು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹೇಳಿದ್ದು ಬಲಗಣ್ಣು ಎಂದರು ಡಾಕ್ಟರು. ಒಳ್ಳೆಯ ಕಣ್ಣು ಮುಚ್ಚಿದರೆ ತಾನೇ ವೀಕ್ ಕಣ್ಣು ಕೆಲಸ ಮಾಡುವುದು. ಬೊಟ್ಟಿನ ಕಡೆ ಎಂದು ನೀವೇ ಅಂದಿರಿ ಎಂದ ಸರ್ವೋತ್ತಮ. ನಾಲ್ವರೂ ಮಗುವಿನ ಮುಖ ನೋಡಿದರು. ಬೊಟ್ಟು ಎಡಗೆನ್ನೆಯ ಮೇಲೆ ಉರುಟಾಗಿ ಕೂತಿತ್ತು. ಬೆಳಗ್ಗೆ ಇಂದ್ರಾಣಿಯೇ ಇಟ್ಟದ್ದು.

ಆಗ ಅವಳಿಗೆ ಹಾಲು ಕಕ್ಕಿದ ಸೀರೆ ನೆನಪಾಯಿತು. ಚಂದ್ರಮತಿಯಕ್ಕ ಹೆಣೆದ ಜಡೆ ನೆನಪಾಯಿತು. ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬೊಟ್ಟು ಯಾವಾಗಲೂ ಬಲಕ್ಕೆ.

ತಾಯಿಯಾದವಳು ಸರಿಯಾಗಿ ಕೇಳಿಕೊಳ್ಳಬೇಕಿತ್ತು ಎಂದು ಡಾಕ್ಟರು ಫೈಲಿಗೆ ಹೇಳಿದರು.

ಇಂದ್ರಾಣಿಯ ಇಂಗ್ಲಿಷು ಓದಲಿಕ್ಕೆ ಗಟ್ಟಿ, ಮಾತಿಗೆ ನಿಂತರೆ ತಡವರಿಸುವಂಥದ್ದು. ಆ ದಿನ ತಡವರಿಸುತ್ತಲೇ ಹೇಳಿದಳು. "ಕೇಳಿದ್ದೇನೆ ಸರ್. ಎರಡು ಸಲ ಫೋನಿನಲ್ಲಿ, ಒಂದು ಸಲ ಇಲ್ಲೇ ಬಂದು. ತಾರೀಕು ಇದರಲ್ಲಿ ಉಂಟು. ಪಟ್ಟಿ ಹಚ್ಚುವವಳು ನಾನು. ನನ್ನ ಹತ್ತಿರ ಇವತ್ತಿನವರೆಗೆ ಇಲ್ಲಿ ಯಾರೂ ಮಾತಾಡಲಿಲ್ಲ."

ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು. ಕ್ಷಮೆ ಕೇಳಲಿಲ್ಲ. ಗಡಿಯಾರ ನೋಡಿದರು. ಏಳೆಂಟು ವರ್ಷದೊಳಗೆ ಕಣ್ಣು ಕಲಿತಷ್ಟು ಸುಲಭವಾಗಿ ಆಮೇಲೆ ಕಲಿಯುವುದಿಲ್ಲ, ನೂರು ದಿನ ಹೋಯಿತು, ಇನ್ನು ದಿನಕ್ಕೆ ಆರು ಗಂಟೆ, ಎಷ್ಟು ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. ಇದನ್ನೆಲ್ಲ ನಿಧಾನವಾಗಿ, ಅವಳಿಗೇ ಹೇಳಿದರು. ಫೆಬ್ರವರಿಯಲ್ಲಿ ಇದಕ್ಕೆ ಹಿಡಿಯುತ್ತಿದ್ದುದು ಎರಡು ನಿಮಿಷ.

ಅಷ್ಟಕ್ಕೆ ಅವಳು ಏಳಲಿಲ್ಲ. ಡೈರಿಯ ಖಾಲಿ ಹಾಳೆಯಲ್ಲಿ ಒಂದು ಮುಖ ಬರೆದು, ಎರಡು ಜಡೆ ಇಳಿಸಿ, ಮುಚ್ಚುವ ಕಣ್ಣಿಗೆ ನಿಮ್ಮ ಕೈಯಿಂದಲೇ ಗುರುತು ಹಾಕಿ ಎಂದಳು. ಚಿತ್ರದಲ್ಲಿ ಎಡ ಬಲ ಮತ್ತೆ ಅದಲುಬದಲಾದೀತೆಂದು ಹೆದರಿ ಆಮಿನ ಮಗುವನ್ನೇ ಎಳೆದು ನಿಲ್ಲಿಸಿದಳು. ಡಾಕ್ಟರು ಯಶ್ಮಿತಾಳ ಬಲಗಣ್ಣಿನ ರೆಪ್ಪೆಯ ಮೇಲೆ ಬೆರಳಿಟ್ಟರು. ಇಂದ್ರಾಣಿ ಅದೇ ಜಾಗಕ್ಕೆ ತನ್ನ ಬೆರಳಿಟ್ಟು ನೋಡಿದಳು. "ಬಲಗಣ್ಣು, ಆರು ಗಂಟೆ" ಎಂದು ಬರೆದು ಸಹಿಗೆ ಚಾಚಿದಳು. ಸಹಿಯಾಯಿತು. ಹೊರಗೆ ಮುಂದಿನ ಹೆಸರು ಕರೆದರು.

ಟ್ಯಾಕ್ಸಿಯಲ್ಲಿ ಸರ್ವೋತ್ತಮ, "ನಾನಾದರೂ ಇನ್ನೊಮ್ಮೆ ಕೇಳಬೇಕಿತ್ತು," ಎಂದ. ಚಂದ್ರಮತಿಯಕ್ಕನಿಗೆ ಹೇಳಬೇಡಿ, ಊಟ ಬಿಟ್ಟುಬಿಡುತ್ತಾರೆ ಎಂದಷ್ಟೇ ಹೇಳಿದಳು ಇಂದ್ರಾಣಿ.

ಮಧ್ಯಾಹ್ನ ಎರಡಕ್ಕೆ ಬಲಗಣ್ಣಿಗೆ ಪಟ್ಟಿ ಹಚ್ಚಿದಳು. ಒಂದು ನಿಮಿಷವಾಗಲಿಲ್ಲ, ನೂರ ಎರಡು ದಿನ ತುಟಿ ಪಿಟಿಕ್ಕೆನ್ನದ ಮಗು ಪಟ್ಟಿಯ ಅಂಚಿಗೆ ಉಗುರು ಹಾಕಿತು. ಕೈ ಹಿಡಿದದ್ದಕ್ಕೆ ಕಿರುಚಿತು. ನೀರಿನ ಲೋಟಕ್ಕೆ ಕೈಚಾಚಿ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು, ಮೊಣಕೈ ತಾಗಿ ಲೋಟ ಉರುಳಿತು. ಸುಜಿತನೂ ಅಳಲು ಶುರು ಮಾಡಿದ. ನೀರು ಒರೆಸಲು ಬಟ್ಟೆ ತರಲೆಂದು ಇಂದ್ರಾಣಿ ಅಡುಗೆಮನೆಯ ಬಾಗಿಲಿಗೆ ಹೋಗಿ ತಿರುಗಿದರೆ, ಯಶ್ಮಿತಾ ಕುತ್ತಿಗೆ ಚಾಚಿ ತಾಯಿಯ ಕಡೆಗೇ ನೋಡುತ್ತಿದ್ದಳು.

"ಮಮ್ಮೀ, ವೇರ್ ಈಸ್ ಯುವರ್ ಬಿಂದಿ?"

ಇಂದ್ರಾಣಿಯ ಹಣೆಯಲ್ಲಿ ಕುಂಕುಮ ಇದ್ದೇ ಇತ್ತು. ಆರು ವರ್ಷ ತಾನು ಈ ಮಗುವಿನ ಎದುರು ಓಡಾಡುತ್ತಿದ್ದರೂ ಆ ಒಂದು ಕಣ್ಣಿಗೆ ತನ್ನ ಮುಖ ಸರಿಯಾಗಿ ಕಂಡೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಒಂದು ತಟ್ಟೆಗೆ ಕಡಲೆ, ಹೆಸರುಕಾಳು ಎರಡನ್ನೂ ಸುರಿದು ಕಲಸಿದಳು. ಮಗಳನ್ನು ತೊಡೆಗೆ ಒತ್ತಿ ಕೂರಿಸಿಕೊಂಡು, ಕಡಲೆ ಮಾತ್ರ ಹೆಕ್ಕು, ಆಮೇಲೆ ನನ್ನ ಹಣೆಯ ಬೊಟ್ಟು ಹುಡುಕುವಾ ಎಂದಳು. ಮೊದಲ ಕಡಲೆ ಸಿಗುವಾಗ ಗಡಿಯಾರದಲ್ಲಿ ಎರಡು ಹನ್ನೊಂದು. ಎಡಗೈಯಿಂದಲೇ ಡೈರಿ ಎಳೆದು ಅದನ್ನೂ ಬರೆದಿಟ್ಟಳು.