ಪೊದೆಯೊಳಗಿನ ಕಲಾಯಿಗಾರ

ಗುಂಡ್ಲುಪೇಟೆಯ ಗೌಸ್ ಮೊಹಿದ್ದೀನರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಸುತ್ತಿಗೆಯ ಸದ್ದು ಮರೆಯುತ್ತಿರಲಿಲ್ಲ. ನೆಗ್ಗಿದ ಪಾತ್ರೆಗಳನ್ನು ತಟ್ಟಿ ನೇರ ಮಾಡಿ ಕಲಾಯಿ ಹಾಕುವುದು ಅವರ ಕಸುಬು. ಚಾಮರಾಜನಗರದ ಸಂತೆಯಲ್ಲಿ ಕಣ್ಣು ಮುಚ್ಚಿ ನಿಂತು, ಈ ಏಟು ಯಾರದು, ಆತ ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದರು. ಕಸುಬಿನವರಲ್ಲಿ ಒಂದು ನೇಮವಿತ್ತು: ಒಬ್ಬ ಮೊದಲು ಸುತ್ತಿಗೆ ಎತ್ತಿದ ಜಾಗದಲ್ಲಿ ಇನ್ನೊಬ್ಬ ಒಲೆ ಹೂಡಬಾರದು.

ಐವತ್ತರ ದಶಕದ ಒಂದು ಮಳೆಗಾಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಛತ್ರದ ಹಂಡೆ ಕೊಪ್ಪರಿಗೆಗಳಿಗೆ ಕಲಾಯಿ ಹಾಕಲು ಅವರು ಒಲೆ ಊದುವ ತಿದಿ ಹೊತ್ತು ಬೆಟ್ಟ ಹತ್ತಿದರು. ತಂದೆಯ ಕಾಲದಿಂದ ಬಂದ ಕೆಲಸ ಅದು. ಮೇಲೆಲ್ಲ ಬರೀ ಹುಲ್ಲು. ಛತ್ರದ ಹಿಂದಿನ ಕಣಿವೆಯ ಮಡಿಲಲ್ಲಿ ಮಾತ್ರ ದಟ್ಟ ಕಾಡು, ಎಲೆಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಅಲ್ಲಿಂದ ಕೇಳಿಸಿತು: ಟಿಣ್, ಟಿಣ್, ಟಿಣ್.

ಗೌಸರು ತಿದಿ ಕೆಳಗಿಟ್ಟರು. ಯಾರೋ ಮೊದಲೇ ಬಂದು ಕೂತಿದ್ದಾನೆ. ನೇಮದಂತೆ ಇಳಿದು ಹೋಗಬೇಕು. ಅಪ್ಪನ ಜಾಗ ಕೈತಪ್ಪಿದಂತೆಯೇ. ಕಿವಿಗೊಟ್ಟರು. ಪರಿಚಯದ ಕೈಯಲ್ಲ. ಸಣ್ಣ ಸುತ್ತಿಗೆ, ಒಳ್ಳೆಯ ಹದ. ಮಲೆಯಾಳದ ಕಡೆಯವನೇ ಇರಬೇಕು. ಸದ್ದು ಬರುತ್ತಿದ್ದ ಪೊದೆಯ ಬಳಿ ಹೋಗಿ, ಹೊರಗೆ ಬರುವಂತೆ ಮರ್ಯಾದೆಯಿಂದ ಕರೆದರು, ಆಮೇಲೆ ಮರ್ಯಾದೆ ಬಿಟ್ಟು ಕರೆದರು. ಸದ್ದು ನಿಂತಿತು. ಇವರು ಸುಮ್ಮನಾದೊಡನೆ ಮತ್ತೆ ಟಿಣ್.

ಛತ್ರ ನೋಡಿಕೊಳ್ಳುತ್ತಿದ್ದ ಶಾಂತಮಲ್ಲಪ್ಪ ಗದ್ದಲಕ್ಕೆ ಹೊರಬಂದ. ದೂರನ್ನೆಲ್ಲ ಕೇಳಿಸಿಕೊಂಡು, ಪೊದೆಯ ಒಂದು ಎಲೆಯನ್ನು ಮೆಲ್ಲಗೆ ಸರಿಸಿದ. ಹೆಬ್ಬೆರಳ ಉಗುರಿನಷ್ಟು ಮರಗಪ್ಪೆ, ಗಂಟಲಲ್ಲಿ ಗುಳ್ಳೆ ಊದಿಸಿಕೊಂಡು ಕೂತಿತ್ತು. ಕೆರೆಯ ಹಂಗಿಲ್ಲದೆ, ಮಂಜನ್ನೇ ನಂಬಿ, ಎಲೆಯ ಮೇಲೆ ಸಂಸಾರ ಹೂಡಿದ ಜೀವ.

"ಇವ್ನೇ ಕಣ್ ಸಾಯ್ಬ್ರೇ, ನಿಮ್ ಮಲೆಯಾಳಿ."

ಗೌಸರು ಬಗ್ಗಿ ನೋಡಿದರು. ಸೋತೆನೆಂದು ಒಪ್ಪಿಕೊಳ್ಳುವ ಪೈಕಿಯವರಲ್ಲ ಅವರು.

"ಏಟು ಚೆಂದಾಗೈತೆ. ಆದ್ರೆ ಪಾತ್ರೆ ಎಲ್ಲೈತೆ?"

"ಅದ್ನ ಬುಡಿ. ನಿಮ್ಗಿಂತ ಮೊದ್ಲೇ ಕೂತವ್ನೆ. ನಿಮ್ ನೇಮ ಏನಾಯ್ತು?"

ಶಾಂತಮಲ್ಲಪ್ಪನಿಗೆ ಅದು ತಮಾಷೆ. ಗೌಸರಿಗೆ ಅಲ್ಲ. ಟೋಪಿ ಸರಿಪಡಿಸಿಕೊಂಡು ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನೋಡಪ್ಪ, ಮರದ ಮ್ಯಾಲಿಂದೆಲ್ಲ ನಿಂದು, ನೆಲದ ಮ್ಯಾಲಿಂದು ನಂದು. ಒಪ್ಗೆ ಇಲ್ದಿದ್ರೆ ಈಗ್ಲೇ ಹೇಳ್ಬುಡು."

ಕಪ್ಪೆ ಗುಳ್ಳೆ ಇಳಿಸಿ ಸುಮ್ಮನಾಯಿತು. ಅದು ಮನಸ್ಸು ಬದಲಿಸುವ ಮೊದಲೇ ಗೌಸರು ಓಡಿಹೋಗಿ ಒಲೆ ಹೂಡಿದರು.