ಹೆಸರು ಅಳಿಸಿದ ಮುಖಗಳು

ತಮಿಳು ಸೀಮೆಯ ಅನ್ನೂರಿನ ಆಚೆ ಇರುವ ನಮ್ಮ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಮಣ್ಣಿನ ಕೆಲಸಕ್ಕೆಂದೇ ಒಂದು ಕೋಣೆಯಿದೆ. ಅಲ್ಲಿನ ಟೀಚರ್ ನಾನು, ಶ್ರೀಪ್ರಿಯಾ. ಬಾಗಿಲ ಮೇಲೆ ಹಾಗೆಂದು ಬರೆದಿದೆ, ಅಷ್ಟೆ. ಕೋಣೆ ನಡೆಯುವುದು ಸಹಾಯಕ ಮುತ್ತುಸಾಮಿಯವರಿಂದ. ಮಣ್ಣು ನೆನೆಹಾಕುವುದು, ನಾದಿ ಹದ ಮಾಡುವುದು, ಮಕ್ಕಳು ಮಾಡಿಟ್ಟಿದ್ದನ್ನು ನೆರಳಿನಲ್ಲಿ ಒಣಗಿಸುವುದು, ಕರೆಂಟಿನ ಆವಿಗೆಯಲ್ಲಿ ಜೋಡಿಸಿ ಸುಡುವುದು, ಎಲ್ಲ ಅವರದೇ. ನನ್ನದು ಬರೀ ಮಾತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾರೆ. ಅದು ಸುಳ್ಳಲ್ಲ.

ಮುತ್ತುಸಾಮಿಯವರಿಗೆ ಅರವತ್ತೆರಡು ವರ್ಷ. ಹತ್ತಿರದ ಹಳ್ಳಿಯೊಂದರಲ್ಲಿ ಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಜಮೀನು ಅಣ್ಣನಿಗೇ ಸಾಕಾಗುವಷ್ಟಿತ್ತು, ಹಾಗಾಗಿ ಹತ್ತೊಂಬತ್ತಕ್ಕೆ ನೂಲಿನ ಮಿಲ್ಲಿಗೆ ಸೇರಿದರು. ಮೂವತ್ತೊಂದು ವರ್ಷ ಯಂತ್ರಗಳ ಸದ್ದಿನಲ್ಲಿ ನಿಂತು ಕಿವಿ ಮಂದವಾಯಿತು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲವಂತೆ. ತುಟಿ ನೋಡಿಯೇ ತಿಳಿದುಕೊಳ್ಳಬೇಕಿತ್ತು. ಈಗಲೂ ಅವರು ಮಾತನಾಡುವವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಹೊಸದಾಗಿ ಬಂದ ಮಕ್ಕಳಿಗೆ ಇದು ಮುಜುಗರ. ಒಂದು ವಾರ ಕಳೆದರೆ ಅದೇ ಮಕ್ಕಳು ಅವರನ್ನು ತಾತಾ ಎಂದು ಕರೆಯುತ್ತಾ ಹಿಂದೆ ಮುಂದೆ ಸುತ್ತುತ್ತಾರೆ.

ಕಳೆದ ವರ್ಷ ಆರನೇ ತರಗತಿಗೆ ನಾನು ಕೊಟ್ಟ ಕೆಲಸ ‘ನಾನು ಯಾರು’. ಕನ್ನಡಿ ನೋಡಿಕೊಂಡು ತಮ್ಮ ಮುಖವನ್ನು ಮಣ್ಣಿನಲ್ಲಿ ಮಾಡಬೇಕು. ಹಿಂದಿನ ವರ್ಷಗಳಲ್ಲಿ ಮಡಕೆ, ಆನೆ ಏನೇ ಮಾಡಲಿ, ಕೆಳಗೆ ರೋಲ್ ನಂಬರ್ ಗೀಚುತ್ತಿದ್ದರು. ಈ ಸಲ ನಂಬರ್ ಬೇಡ, ಮುಖದ ಹಿಂದೆ ಪೂರ್ತಿ ಹೆಸರು ಕೊರೆಯಿರಿ ಎಂದೆ. ನಾನು ಯಾರು ಎಂದು ಕೇಳಿ ಹದಿನೇಳು ಎಂದು ಬರೆಸಿದರೆ ಏನು ಚೆಂದ ಎಂದು ನನ್ನ ವಾದ.

ಆ ತರಗತಿಯಲ್ಲಿ ಧರಣಿ ಎಂಬ ಹುಡುಗಿ ಇದ್ದಳು. ಊರು ಉಡುಮಲೈಪೇಟೆ, ಅಪ್ಪನಿಗೆ ತೆಂಗಿನಕಾಯಿ ವ್ಯಾಪಾರ, ಇಲ್ಲಿ ಹಾಸ್ಟೆಲಿನಲ್ಲಿದ್ದಳು. ಹುಟ್ಟುವಾಗಲೇ ಸೀಳಿದ್ದ ಮೇಲ್ತುಟಿಯನ್ನು ಹೊಲಿದ ಗುರುತು ಅವಳಿಗಿದೆ. ಮಾತನಾಡುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ತುಟಿ ಕಾಣದಿದ್ದರೆ ಮುತ್ತುಸಾಮಿಯವರಿಗೆ ಏನೂ ತಿಳಿಯದಲ್ಲ, ಅವರ ಹತ್ತಿರ ಮಾತ್ರ ಕೈ ಇಳಿಸಿ ಮಾತನಾಡುತ್ತಿದ್ದಳು.

ನಾಲ್ಕು ದಿನ ಕನ್ನಡಿ ಮುಂದೆ ಕೂತು ಅವಳು ಆ ಗುರುತನ್ನು ಇದ್ದ ಹಾಗೆಯೇ ಮಾಡಿದಳು. ನನಗೆ ಖುಷಿ ತಡೆಯಲಾಗಲಿಲ್ಲ. ಅದನ್ನೆತ್ತಿ ಎಲ್ಲರಿಗೂ ತೋರಿಸಿ, “ನೋಡಿ, ಮುಖ ಅಂದರೆ ಹೀಗೆ ಸತ್ಯವಾಗಿರಬೇಕು” ಎಂದುಬಿಟ್ಟೆ. ಇಪ್ಪತ್ತೊಂದು ಮಕ್ಕಳು ಮಣ್ಣಿನ ತುಟಿಯನ್ನೂ ಅವಳ ತುಟಿಯನ್ನೂ ನೋಡಿದರು. ಧರಣಿ ತಲೆ ತಗ್ಗಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನನಗೆ ಯಾವಾಗಲೂ ಆಮೇಲೆಯೇ ನೆನಪಾಗುವುದು.

ಶನಿವಾರ ತಂದೆತಾಯಂದಿರು ಬರುವ ಪ್ರದರ್ಶನ. ಗುರುವಾರ ಬೆಳಿಗ್ಗೆ ಆವಿಗೆ ತೆರೆದೆವು. ಒಂದು ಮುಖವೂ ಬಿರಿದಿರಲಿಲ್ಲ. ತಿರುಗಿಸಿ ನೋಡಿದರೆ ಯಾವುದರ ಹಿಂದೆಯೂ ಹೆಸರಿಲ್ಲ. ಸುಡುವ ಮೊದಲೇ ಯಾರೋ ಒದ್ದೆ ಸ್ಪಂಜಿನಲ್ಲಿ ಉಜ್ಜಿ ನುಣ್ಣಗೆ ಮಾಡಿದ್ದರು.

“ನಾನೇ ಮಾಡಿದ್ದು ಟೀಚರ್” ಎಂದರು ಮುತ್ತುಸಾಮಿ, ಯಾವಾಗಿನಂತೆ ತಮಿಳಿನಲ್ಲಿ.

ನಾನು ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈದೆ. ಹೆಸರು ಅಳಿಸಿ ಮಕ್ಕಳ ಒಂದು ತಿಂಗಳ ಕೆಲಸ ಹಾಳು ಮಾಡಿದಿರಿ, ಕೇಳದೆ ಕೈ ಹಾಕಲು ನಿಮಗೆ ಯಾರು ಹೇಳಿದರು ಎಂದೆಲ್ಲ. ಅಪ್ಪನ ವಯಸ್ಸಿನ ಮನುಷ್ಯ, ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದರು. ಒಂದು ಮಾತನ್ನೂ ತಪ್ಪಿಸಿಕೊಳ್ಳಲು ಅವರಿಗೆ ದಾರಿಯಿರಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರ ಬಾಯಿಂದ ಬಂದಿದ್ದು ಕನ್ನಡ.

“ಉಸುರಿರೋ ಮಕ್ಕಳ ಪೇರ ಬೆಂಕಿಗೆ ಹಾಕಕೂಡದಮ್ಮಾ. ನಮ್ಮ ಮನೇಲಿ ಕಲ್ಯಾಣ ಪತ್ರಿಕೆ ಕೂಡಾ ಸುಡಾದಿಲ್ಲ, ಬಾವಿಗೆ ಬಿಡಾದು. ಇಪ್ಪತ್ತೆರಡು ಮಕ್ಕಳ ಪೇರು. ಮನಸು ಕೇಳ್ನಿಲ್ಲ.”

ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇವೆ. ನಾನು ಅಮ್ಮನೊಡನೆ ಫೋನಿನಲ್ಲಿ ಕನ್ನಡ ಮಾತನಾಡುವುದನ್ನು ಅವರು ದಿನವೂ ನೋಡಿದ್ದಾರೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನಿಮ್ಮದು ಪಡಿಸ್ದೋರ, ಓದ್ದೋರ ಕನ್ನಡಮ್ಮಾ. ನಮ್ಮದು ಮನೆ ಮಾತು” ಎಂದರು. ಈ ಕಡೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವವರಿದ್ದಾರೆಂದು ಕೇಳಿದ್ದೆ, ಇವರೂ ಅವರಲ್ಲೊಬ್ಬರೆಂದು ತಿಳಿದಿರಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ಕೋಪ ಇಳಿದಿರಲಿಲ್ಲ, ಹಾಗಾಗಿ ತಪ್ಪಾಯಿತು ಎಂದು ಹೇಳಲಿಲ್ಲ.

ಮಕ್ಕಳು ಬಂದರು. ಮೇಜಿನ ಮೇಲೆ ಇಪ್ಪತ್ತೆರಡು ಮುಖ ಸಾಲಾಗಿಟ್ಟು, ನಿಮ್ಮದನ್ನು ನೀವೇ ಹುಡುಕಿ ತೆಗೆದುಕೊಳ್ಳಿ ಎಂದೆ. ಗದ್ದಲವೋ ಗದ್ದಲ. ಸುಟ್ಟ ಮೇಲೆ ಎಲ್ಲ ಒಂದೇ ಕೆಂಪು, ಕೊರಿಯಾದ ಹುಡುಗನೂ ಮಿಲ್ಲು ಮಾಲೀಕರ ಮಗನೂ ಒಂದೇ ಮನೆಯವರ ಹಾಗೆ ಕಾಣುತ್ತಿದ್ದರು. ಕಿವಿ ನೋಡಿ, ಹುಬ್ಬು ನೋಡಿ, ಜಗಳವಾಡಿ ಇಪ್ಪತ್ತೊಂದು ಮಕ್ಕಳು ತಮ್ಮದನ್ನು ಎತ್ತಿಕೊಂಡರು. ಮೇಜಿನ ಮೇಲೆ ಒಂದು ಉಳಿಯಿತು, ಮೇಲ್ತುಟಿಯಲ್ಲಿ ಗೆರೆಯಿದ್ದದ್ದು. ಎಲ್ಲರೂ ಧರಣಿಯ ಕಡೆ ನೋಡಿದರು.

“ಅದು ನನ್ನದಲ್ಲ” ಎಂದಳು, ಬಾಯಿಗೆ ಕೈ ಅಡ್ಡ ಹಿಡಿದು.

ಅವಳದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಶನಿವಾರ ಅದರ ಪಕ್ಕದಲ್ಲಿ ನಿಂತುಕೊಳ್ಳುವುದು ಆ ಮಗುವಿಗೆ ಆಗುತ್ತಿರಲಿಲ್ಲ. ಅದನ್ನೆತ್ತಿ ತೋರಿಸಿ, ಮುಖ ಹೀಗಿರಬೇಕೆಂದು ಇಡೀ ತರಗತಿಯೆದುರು ಕೂಗಿದವಳು ನಾನೇ.

ಮುತ್ತುಸಾಮಿ ಮೂಲೆಯಿಂದ ಬಂದು, “ಅದು ನಂದು ಟೀಚರ್. ಉಳಿದ ಮಣ್ಣಲ್ಲಿ ನಾನ್ ಮಾಡಿದ್ದು” ಎಂದರು, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲಿ. ಆ ಮುಖದಲ್ಲಿ ಎರಡು ಜಡೆ ಇತ್ತು. ಒಂದು ಮಗುವೂ ನಗಲಿಲ್ಲ. ಅಷ್ಟು ಹೊತ್ತು ಜಗಳವಾಡಿದ ಮಕ್ಕಳು ಹೌದೆನ್ನುವಂತೆ ತಲೆಯಾಡಿಸಿದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಪ್ರಿನ್ಸಿಪಾಲ್ ಜಯರಾಮನ್ ನಿಂತಿದ್ದರು. ನಾನು ಬೈದ ಸದ್ದು ಅವರ ಕೋಣೆಯವರೆಗೂ ಹೋಗಿತ್ತು. ಸಿಟ್ಟಿನವರಲ್ಲ, ಆದರೆ ನಿಯಮದ ಮನುಷ್ಯ. ಅವರಿಗೆ ಕಂಡಿದ್ದು ಇಷ್ಟೇ: ಮಕ್ಕಳ ಹೆಸರು ಅಳಿಸಿದ ಕೆಲಸದವರು, ಮಕ್ಕಳ ಮುಖಗಳ ನಡುವೆ ತಮ್ಮದೊಂದನ್ನೂ ಇಟ್ಟಿದ್ದಾರೆ.

“ಇನ್ನು ಮೇಲೆ ಇಲ್ಲಿ ಬೇಡ ಮುತ್ತುಸಾಮಿ. ಸೋಮವಾರದಿಂದ ಗೇಟಿನ ಕೆಲಸಕ್ಕೆ ಬನ್ನಿ” ಎಂದರು, ಮೆಲ್ಲಗೆ, ತಮಿಳಿನಲ್ಲಿ.

“ಸರಿ ಸರ್” ಎಂದರು ಇವರು. ಕೈಯಲ್ಲಿದ್ದ ಸ್ಪಂಜನ್ನು ಬಕೆಟ್ಟಿನ ಅಂಚಿಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಬಾಯಿ ತೆರೆಯಬೇಕಿತ್ತು. ತೆರೆದರೆ ಧರಣಿಯ ಹೆಸರು ಹೇಳಬೇಕು, ಹೇಳದಿದ್ದರೆ ಈ ಮನುಷ್ಯನ ಕೋಣೆ ಹೋಗುತ್ತದೆ. ಎರಡಕ್ಕೂ ಕಾರಣ ನಾನೇ. ಕಿಟಕಿಯ ಆಚೆ ನೋಡುತ್ತಾ ನಿಂತುಬಿಟ್ಟೆ. ಅಷ್ಟು ಹೇಡಿಯಾಗಿ ನಾನು ಬದುಕಿನಲ್ಲಿ ಇನ್ನೆಲ್ಲೂ ನಿಂತಿಲ್ಲ.

ಧರಣಿ ಮೇಜಿನ ಹತ್ತಿರ ಹೋದಳು.

“ಬ್ಯಾಡ ಪಾಪಾ” ಎಂದರು ಮುತ್ತುಸಾಮಿ, ಕನ್ನಡದಲ್ಲಿ.

“ಇರ್ಲಿ ತಾತಾ” ಎಂದಳು ಅವಳೂ ಕನ್ನಡದಲ್ಲೇ. ಅವಳ ಮನೆ ಮಾತೂ ಅದೇ. ತಾತ ಮೊಮ್ಮಗಳ ಹಾಗೆ ಇವರಿಬ್ಬರು ನನ್ನ ಕೋಣೆಯಲ್ಲೇ ಕನ್ನಡ ಮಾತನಾಡಿಕೊಂಡಿದ್ದರು, ನನಗೆ ತಿಳಿದಿರಲಿಲ್ಲ. ಅವಳು ಆ ಮುಖವನ್ನು ಎತ್ತಿಕೊಂಡು ಪ್ರಿನ್ಸಿಪಾಲರ ಎದುರು ನಿಂತಳು. ಎರಡೂ ಕೈ ಮಣ್ಣಿನ ಮುಖ ಹಿಡಿದಿದ್ದವು, ಬಾಯಿಗೆ ಅಡ್ಡ ಹಿಡಿಯಲು ಕೈ ಉಳಿದಿರಲಿಲ್ಲ.

“ಇದು ನಂದು ಸರ್. ತಾತಾ ಸುಳ್ಳು ಹೇಳಿದ್ದು ನನಗೋಸ್ಕರ. ನನ್ನ ತುಟಿ ಹೀಗೇ ಇರೋದು” ಎಂದಳು, ಇಂಗ್ಲಿಷಿನಲ್ಲಿ, ಇಡೀ ತರಗತಿಗೆ ಕೇಳುವ ಹಾಗೆ.

ಜಯರಾಮನ್ ಅವಳನ್ನೂ ಮಣ್ಣಿನ ಮುಖವನ್ನೂ ನೋಡಿದರು. ನನ್ನನ್ನು ನೋಡಿದರು. ಆಗ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ, ಹೆಸರು ಯಾಕೆ ಅಳಿಸಿದರೆಂಬುದನ್ನೂ. ಅವರು “ಸೋಮವಾರ ಇಲ್ಲಿಗೇ ಬನ್ನಿ” ಎಂದು ಮುತ್ತುಸಾಮಿಯವರಿಗೆ ಹೇಳಿ ಹೋದರು.

ನನ್ನ ಬೈಗುಳವನ್ನೂ ಗೇಟಿನ ಕೆಲಸವನ್ನೂ ಮರುಮಾತಿಲ್ಲದೆ ಹೊಟ್ಟೆಗೆ ಹಾಕಿಕೊಂಡವರಿಗೆ ಆ ಮಗು ತಮಗಾಗಿ ತುಟಿ ತೋರಿಸಿ ನಿಂತದ್ದನ್ನು ತಾಳಿಕೊಳ್ಳಲು ಆಗಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಮಕ್ಕಳನ್ನು ಹೊರಗೆ ಕಳಿಸಿದೆ. ಧರಣಿ ಹೋಗಲಿಲ್ಲ. ತನ್ನ ಮಣ್ಣಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ಅತ್ತು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.