ಹರಳೆಣ್ಣೆ ಕುಡಿಯುವ ಗಾಡಿ

ನನಗಾಗ ಹದಿನೆಂಟು. ಅದಾಗಿ ಅರವತ್ತು ವರ್ಷದ ಮೇಲಾಯಿತು. ಮದುವೆಯಾಗಿ ಶನಿವಾರಸಂತೆ ಕಡೆಯ ಎಸ್ಟೇಟಿನ ಆಳುಗಳ ಸಾಲಿನ ಲೈನ್ ಮನೆಗೆ ಕಾಲಿಟ್ಟಾಗ ಮೊದಲು ಮೂಗಿಗೆ ಹೊಡೆದದ್ದು ಬಾಣಂತಿ ವಾಸನೆ. ಆ ಮನೆಯಲ್ಲಿ ಹೆಂಗಸೇ ಇರಲಿಲ್ಲ. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆ ವಾಸನೆ ನನ್ನ ಮಾವನದು. ತಲೆ, ಅಂಗಿ, ಉಗುರಿನ ಸಂದಿ, ಎಲ್ಲಾ ಹರಳೆಣ್ಣೆ.

ಮಾವಯ್ಯನ ಹೆಸರು ತಮ್ಮಯ್ಯ. ಎಸ್ಟೇಟಿನ ಬಿಳಿ ದೊರೆಯ ರೇಸ್ ಮೋಟಾರ್ ಸೈಕಲ್ಲನ್ನು ನೋಡಿಕೊಳ್ಳುವುದು ಅವರ ಕೆಲಸ. ದೊರೆ ಅದನ್ನು ಬೆಂಗಳೂರು, ಮದರಾಸು ಎಂದು ಕೊಂಡೊಯ್ದು ಓಡಿಸುತ್ತಿದ್ದರು. ಅದರ ಎಂಜಿನ್ನಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಎಷ್ಟು ಕಾದರೂ ಅದು ತೆಳ್ಳಗಾಗುವುದಿಲ್ಲವಂತೆ. ಲೈನಿನ ಹೆಂಗಸರು ಬಾವಿಕಟ್ಟೆಯಲ್ಲಿ ಕೆಣಕುತ್ತಿದ್ದರು. "ತಮ್ಮಯ್ಯಣ್ಣ, ಬಾಣಂತಿಗೆ ನೀರು ಹಾಕಾಯ್ತಾ?"

"ಆಯ್ತು ಕಣಮ್ಮ. ಹೊಗೆ ಹಾಕ್ಕಂಡು ಮಲಗೈತೆ" ಎಂದು ಮಾವಯ್ಯ ಹೇಳಿಹೋಗುತ್ತಿದ್ದರು.

ಶನಿವಾರ ಊರೆಲ್ಲ ಸಂತೆಗೆ ಹೋದರೆ ಇವರು ಶೆಡ್ಡಿನಲ್ಲಿ ಗೋಣಿತಾಟು ಹಾಸಿ ಕೂರುವರು. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಕಾಸಿದ ಕೊಬ್ಬಿನಲ್ಲಿ ಅದ್ದಿ, ಹಗ್ಗಕ್ಕೆ ನೇತುಹಾಕುವರು. ಪ್ಲಗ್ ಉಜ್ಜುವರು. ಎಂಜಿನ್ ಓಡಿಸಿ, ಹಿಂದೆ ಅಂಗೈ ಹಿಡಿದು, ಹೊಗೆ ಮೂಸಿ, "ಉಂಡಿದ್ದು ಅರಗಿಲ್ಲ" ಎಂದು ಮತ್ತೆ ಬಿಚ್ಚುವರು. ಮನೆಯ ಸೂರು ಸೋರುತ್ತಿತ್ತು. ಅದನ್ನು ಒಂದು ದಿನ ನೋಡಿದವರಲ್ಲ.

ಎಣ್ಣೆ ಮಾಡುವ ಕೆಲಸ ನನ್ನ ತಲೆಗೆ ಬಂತು. ಬೇಲಿಯ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು, ನೀರಿನ ಪಸೆ ಹೋಗುವ ತನಕ ಮತ್ತೆ ಕಾಸಬೇಕು. ಮಾವಯ್ಯ ಅದರಲ್ಲಿ ಬತ್ತಿ ಅದ್ದಿ ಹಚ್ಚುವರು. ಬತ್ತಿ ಚಟಚಟ ಎಂದರೆ ನೀರು ಉಳಿದಿದೆ ಎಂದರ್ಥ, ಮತ್ತೆ ಒಲೆಗೆ. ಒಮ್ಮೆ ನನಗೆ ರೇಗಿಹೋಯಿತು.

"ದೇವ್ರ ದೀಪಕ್ಕೂ ಇಷ್ಟು ಮಾಡಲ್ಲ ಮಾವಯ್ಯ."

"ಅಲ್ಲಿ ಎಣ್ಣೆ ಕೆಟ್ರೆ ದೀಪ ಆರ್ತದೆ, ಅಷ್ಟೆಯ. ಇಲ್ಲಿ ಕೆಟ್ರೆ ಪಿಸ್ಟನ್ ಹಿಡ್ಕಂತದೆ ಮಗ. ಕಾಸು, ಕಾಸು."

ಯುದ್ಧ ಬಂತು. ದೊರೆ ಪಟಾಲಮ್ಮಿಗೆ ಹೋದರು. ಗಾಡಿ ಓಡುವ ಸ್ಥಿತಿಯಲ್ಲಿ ಇರುವವರೆಗೆ ಆ ಲೈನ್ ಮನೆ ತಮ್ಮಯ್ಯನದು ಎಂದು ಹೇಳಿ ಹೋಗಿದ್ದರು. ಪೆಟ್ರೋಲಿಗೆ ಕೂಪನ್ನು ಬಂತು. ರೇಸ್ ಗಾಡಿಗೆ ಯಾರು ಕೂಪನ್ ಕೊಡುತ್ತಾರೆ? ಓಡಿಸದೆ ಬಿಟ್ಟರೆ ಹರಳೆಣ್ಣೆ ಒಳಗೇ ಅಂಟಾಗುತ್ತದೆ. ಅದಕ್ಕೆ, ಎಂಜಿನ್ ಒಳಗೆ ತಿರುಗುತ್ತಿರಲೆಂದು, ಮಾವಯ್ಯ ಪ್ಲಗ್ ಬಿಚ್ಚಿ ಗಾಡಿಯನ್ನು ಕಾಫಿ ಕಣದ ಸುತ್ತ ತಳ್ಳುತ್ತಿದ್ದರು. ಹಿಂದಿನಿಂದ ತಳ್ಳುವುದು ನಾನು. ನನ್ನ ಗಂಡ ಮಾಕುಟ್ಟದ ಕಾಡಿಗೆ ಮರದ ಕೆಲಸಕ್ಕೆ ಹೋದವನ ಸುದ್ದಿಯೇ ಇರಲಿಲ್ಲ. ನಾನು ಬಸುರಿ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ನಮ್ಮ ಮನೆಯ ಮೇಲೆ ಕಣ್ಣು, ಅವನ ಭಾವಮೈದನಿಗೆ ಬೇಕಿತ್ತು. "ಲಾರಿ ಎಣ್ಣೆ ಹುಯ್ದು ಸುಮ್ನೆ ಇರಬಾರ್ದ ತಮ್ಮಯ್ಯ?" ಎಂದು ಅಣಕಿಸುತ್ತಿದ್ದ.

"ಇದ್ರ ಹೊಟ್ಟೆಗೆ ಎರಡು ಎಣ್ಣೆ ಸೇರಲ್ಲ. ನಿಮಗಾದ್ರೆ ಏನು ಹುಯ್ದರೂ ಸೇರ್ತದೆ" ಎಂದರು ಮಾವಯ್ಯ. ರೈಟರ್ ಅದನ್ನು ಮರೆಯಲಿಲ್ಲ.

ಕಾಫಿ ಕೊಯ್ಲು ನಡೆದಿದ್ದಾಗ ಹಳೆ ದೊರೆ ಸತ್ತರೆಂದು ತಂತಿ ಬಂತು. ಹೊಸ ದೊರೆ ಬಂದರು. ರೈಟರ್ ಮುಂದೆ ನಿಂತು ಅವರ ಮಾತು ತಿಳಿಸಿದ. ಮರುದಿನ ಆಳುಗಳ ಹಾಜರಿ ಕರೆಯುವ ಮಸ್ಟರ್ ಹೊತ್ತಿಗೆ ಗಾಡಿ ಕಣದಿಂದ ಬಂಗಲೆಯವರೆಗಿನ ಏರನ್ನು ನಿಲ್ಲದೆ ಹತ್ತಬೇಕು. ಹತ್ತಿದರೆ ದೊರೆ ಇಟ್ಟುಕೊಳ್ಳುತ್ತಾರೆ, ನಾವೂ ಇರಬಹುದು. ಇಲ್ಲದಿದ್ದರೆ ಗಾಡಿಯೂ ಹೊರಗೆ, ನಾವೂ ಹೊರಗೆ.

ಮನೆಯಲ್ಲಿದ್ದದ್ದು ಬಾಟ್ಲಿಯ ತಳದಲ್ಲಿ ಸ್ವಲ್ಪ ಪೆಟ್ರೋಲು. ಸಾಲದೆ ಸೀಮೆಎಣ್ಣೆ ಬೆರೆಸಿದರು. ಸೀಮೆಎಣ್ಣೆ ಬೆರೆತರೆ ಆ ಎಂಜಿನ್ನು ಒಳಗೊಳಗೇ ಒದೆಯುತ್ತದೆ, ಕರ್ಪೂರ ಕರಗಿಸಿದರೆ ಒದೆತ ತಗ್ಗುತ್ತದೆ ಎಂದು ಅವರ ನಂಬಿಕೆ. ಅಂಗಡಿ ಅಂಗಡಿ ಅಲೆದೆ. ಯುದ್ಧಕಾಲ, ಕೇಳಿದಷ್ಟು ಕರ್ಪೂರ ಸಿಗಲಿಲ್ಲ. ತಂದಷ್ಟನ್ನೇ ಮಾವಯ್ಯ ಪುಡಿ ಮಾಡಿ ಹಾಕಿದರು.

ಬೆಳಿಗ್ಗೆ ಮೈ ಕೊರೆಯುವ ಚಳಿ. ಆ ಚಳಿಗೆ ಹರಳೆಣ್ಣೆ ಜೇನಿನಂತೆ ಗಟ್ಟಿ. ಒಲೆಯ ಮೇಲೆ ಕಾಸಿ ಬಿಸಿಬಿಸಿ ಹುಯ್ದರು. ಪ್ಲಗ್ಗನ್ನು ಕೆಂಡದಲ್ಲಿಟ್ಟು ಬಿಸಿ ಮಾಡಿ ಹಾಕಿದರು. ಒದ್ದರು, ಒದ್ದರು, ಇಲ್ಲ. ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ದೊರೆ ಪೈಪು ಸೇದುತ್ತಿದ್ದರು.

"ತಮ್ಮಯ್ಯ, ಗಂಟುಮೂಟೆ ಕಟ್ಟಿಸ್ಲಾ?" ಎಂದ ರೈಟರ್.

ನಾನು ಹೋಗಿ ಗಾಡಿಯ ಹಿಂದೆ ಕೈ ಕೊಟ್ಟೆ. "ಬೇಡ ಮಗ, ಹೊಟ್ಟೆ" ಎಂದರು. "ಹೊಟ್ಟೆಗಾಗೇ ತಳ್ಳೋದು" ಎಂದೆ. ಕಣದ ಅಂಚಿಗೆ ಬರುವಷ್ಟರಲ್ಲಿ ಎಂಜಿನ್ ಕೆಮ್ಮಿತು, ಹಿಡಿಯಿತು. ನೀಲಿ ಹೊಗೆ ಎದ್ದು ಆಳುಗಳು ಮೂಗು ಮುಚ್ಚಿಕೊಂಡರು. ಮಾವಯ್ಯ ಹಾರಿ ಕೂತು ಏರು ಹತ್ತಿಸಿದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ.

ಅರ್ಧ ಏರು ದಾಟಿತ್ತು. ಬಂಗಲೆಯ ಹೂಕುಂಡ ಕಾಣುತ್ತಿತ್ತು. ಆಗ ಶುರುವಾಯಿತು ಆ ಒದೆತ, ಟಿಣ್ ಟಿಣ್ ಎಂದು ಒಳಗೆ ಸುತ್ತಿಗೆ ಹೊಡೆದ ಹಾಗೆ. ನನಗೇ ಕೇಳಿಸಿತೆಂದರೆ ಅವರಿಗೆ ಕೇಳಿಸದೆ ಇರುತ್ತದೆಯೇ.

"ನಿಲ್ಲಿಸ್ಬೇಡಿ ಮಾವಯ್ಯ" ಎಂದು ಕೂಗಿದೆ.

ನಿಲ್ಲಿಸಿದರು. ಇಳಿದು, ಎಂಜಿನ್ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಸುಡುವ ಕಬ್ಬಿಣಕ್ಕೆ ಕೈಯಿಟ್ಟರು. ನಾನು ಏದುಸಿರು ಬಿಡುತ್ತಾ ಹೋಗಿ ನಿಂತೆ.

"ಇನ್ನೊಂದು ಚೂರು ಹೋಗಿದ್ರೆ ಬಂಗ್ಲೆ ಸಿಕ್ತಿತ್ತು" ಎಂದೆ.

"ಸಿಕ್ತಿತ್ತು. ಪಿಸ್ಟನ್ ತೂತಾಗ್ತಿತ್ತು" ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಮನೆ ಇನ್ನೊಂದು ಸಿಕ್ತದೆ ಮಗ. ಈ ಯುದ್ಧದಲ್ಲಿ ಇಂಥ ಪಿಸ್ಟನ್ ಎಲ್ಲಿ ಸಿಕ್ತದೆ?"

ಅವರಿಗೆ ಹೊಡೆಯಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ. ಆದರೆ ಜ್ವರ ಬಂದ ಮಗುವಿನ ಪಕ್ಕ ಕೂತವರ ಹಾಗೆ ಅವರು ಕೂತಿದ್ದರು, ಅದೂ ನಿಜ.

ಮಧ್ಯಾಹ್ನ ಮೈಸೂರಿಗೆ ಕಾಫಿ ಹೊರುವ ಲಾರಿ ಬಂತು. ಹೊಸ ದೊರೆ ಅದರಲ್ಲೇ ಗಾಡಿಯನ್ನು ಮಾರಲು ಕಳಿಸಿದರು. ರೈಟರ್ ನಮ್ಮ ಪಾತ್ರೆಗಳನ್ನು ಹೊರಗಿಡಿಸುತ್ತಿದ್ದ. ಮಾವಯ್ಯ ಗಾಡಿಗೆ ಹಗ್ಗ ಕಟ್ಟಲು ಲಾರಿ ಹತ್ತಿದವರು ಇಳಿಯಲಿಲ್ಲ.

"ಕೊಂಡವ್ರಿಗೆ ಹೇಳ್ಕೊಟ್ಟು ಬತ್ತೀನಿ. ಗೊತ್ತಿಲ್ದೆ ಲಾರಿ ಎಣ್ಣೆ ಹುಯ್ದು ಸಾಯಿಸ್ಬಿಡ್ತಾರೆ."

"ನಾನೆಲ್ಲಿಗೆ ಹೋಗ್ಲಿ?"

ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದರು. "ನೀನು ಗಟ್ಟಿ ಇದೀಯ ಮಗ" ಎಂದರು. ಲಾರಿ ಹೊರಟಿತು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಕಾಫಿ ಮೂಟೆಯ ಮೇಲೆ ಕೂತಿದ್ದರು, ತಿರುವಿನವರೆಗೂ ಕಂಡರು.

ವಾಪಸು ಬರಲಿಲ್ಲ. ಮೈಸೂರಿನ ಯಾವುದೋ ಶೆಡ್ಡಿನಲ್ಲಿದ್ದಾರೆ ಎಂದು ಒಬ್ಬರು ಹೇಳಿದರು, ಸತ್ತರು ಎಂದು ಇನ್ನೊಬ್ಬರು. ನಾನು ಹುಡುಕಲಿಲ್ಲ.

ಆ ರಾತ್ರಿ ಪಕ್ಕದ ಲೈನಿನ ತಮಿಳು ಮುದುಕಿ ಜಗಲಿ ಕೊಟ್ಟಳು. ಬೆಳಗಾಗುತ್ತಲೇ ತೊರೆಯಾಚೆಯ ಎಸ್ಟೇಟಿನ ಮಸ್ಟರಿಗೆ ಹೋಗಿ ಕೊಯ್ಲಿನವರ ಸಾಲಿನಲ್ಲಿ ನಿಂತೆ. ಅಲ್ಲಿಯ ರೈಟರ್ ಮೇಲಿಂದ ಕೆಳಗೆ ನೋಡಿ, "ಎಷ್ಟು ತಿಂಗಳು?" ಎಂದ. "ಲೈನಲ್ಲಿ ಮನೆ ಕೊಟ್ಟರೆ ಹೇಳ್ತೀನಿ" ಎಂದೆ. ನಕ್ಕು ಹೆಸರು ಬರೆದುಕೊಂಡ. ಹಣ್ಣು ತುಂಬುವ ಚೀಲವನ್ನು ಹೊಟ್ಟೆಯ ಮೇಲೇ ಕಟ್ಟಿಕೊಂಡು ಗಿಡದ ಸಾಲಿಗೆ ಇಳಿದೆ.